ಪೆದ್ದಮ್ಮ ಒಪ್ಪದ ಕಲ್ಲು

ಆ ವರ್ಷ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಲ್ಲಿನಂಗಡಿಯವರೆಲ್ಲ ಒಬ್ಬ ಮುದುಕಿಯ ಮುಖವನ್ನು ಚೆನ್ನಾಗಿ ಗುರುತಿಟ್ಟುಕೊಂಡಿದ್ದರು. ಕುಳ್ಳು ಅಂದರೆ ಕುಳ್ಳು, ಆಟೋದಿಂದ ಇಳಿದರೂ ಇನ್ನೂ ಇಳಿಯುತ್ತಿದ್ದಾಳೇನೋ ಅನ್ನಿಸಬೇಕು. ದವಡೆಯಲ್ಲಿ ಸದಾ ಎಲೆ ಅಡಿಕೆ. ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬರುವುದು ಕಂಡರೆ ಸಾಕು, ಅಂಗಡಿಯವರು ಫೋನು ಕಿವಿಗಿಟ್ಟುಕೊಂಡು ಬಿಡುವಿಲ್ಲದವರಂತೆ ಹಿತ್ತಲ ಕಡೆ ನಡೆದುಬಿಡುತ್ತಿದ್ದರು. ಹೆಸರು ಪೆದ್ದಮ್ಮ. ತೆಲುಗಿನವರು ಅದನ್ನು ದೊಡ್ಡಮ್ಮನೆಂಬ ವರಸೆ ಎಂದುಕೊಂಡು ಕರೆದರೂ, ಕನ್ನಡದವರು ಹೆಸರೆಂದುಕೊಂಡು ಕರೆದರೂ ಆಕೆ “ಏನಪ್ಪ” ಎಂದೇ ತಿರುಗುತ್ತಿದ್ದಳು.

ಆಕೆಯ ಮಗ ಮುನೇಶ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ. ಸೊಸೆ ತನುಜ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರವನ್ನು ಬೇರೆ ಜಿಲ್ಲೆ ಮಾಡಿದ ವರ್ಷವದು. ಜಿಲ್ಲೆ ಬಂದ ಉತ್ಸಾಹದಲ್ಲಿ ಯಾರು ಯಾರೋ ಏನೇನೋ ಮಾಡಿದರು; ಇವರು ಶಿಡ್ಲಘಟ್ಟದ ಹೊರಗೆ, ಹಿಪ್ಪುನೇರಳೆ ತೋಟ ಮುಗಿದು ಸೈಟುಗಳು ಶುರುವಾಗುವ ಕಡೆ ಒಂದು ಮನೆ ಕಟ್ಟಿಸಿದರು. ಗೋಡೆ ಎದ್ದಿತು, ತಾರಸಿ ಆಯಿತು, ಬಾಗಿಲು ಕೂತವು. ಅಡುಗೆ ಕಟ್ಟೆಗೆ ಹಾಸುವ ಕಲ್ಲು ಮಾತ್ರ ನಿಶ್ಚಯವಾಗಲೇ ಇಲ್ಲ. ಯಾಕೆಂದರೆ ಕಲ್ಲನ್ನು ಆರಿಸುವ ಅಧಿಕಾರವನ್ನು ಮುನೇಶ ಹಿಂದುಮುಂದು ನೋಡದೆ ತಾಯಿಯ ಕೈಗೆ ಕೊಟ್ಟುಬಿಟ್ಟಿದ್ದ.

“ಮನೇಲಿ ಮುದ್ದೆ ಮಾಡೋಳು ನೀನು. ನೀನೇ ನೋಡಿ ಹೇಳಮ್ಮ” ಎಂದಿದ್ದ.

ಪೆದ್ದಮ್ಮ ನೋಡಿದಳು, ಹೇಳಿದಳು. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಮಿರಮಿರ ಮಿಂಚುವ ಕರೀ ಗ್ರಾನೈಟ್ ತೋರಿಸಿದರೆ, “ಇದೇನಪ್ಪ ಕನ್ನಡಿ ಇದ್ದಂಗೈತೆ. ಸಾರು ಕುದಿಯೋತನಕ ನನ್ ಮೂತಿ ನಾನೇ ನೋಡ್ಕಂಡು ನಿಂತ್ಕಳ್ಳಾ?” ಎಂದಳು. ಒಂದು ತೊಟ್ಟು ನೀರು ಬಿದ್ದರೂ ಕಲೆ ಎದ್ದು ಕಾಣುತ್ತದೆ, ದಿನವೆಲ್ಲ ಒರೆಸುವವರು ಯಾರು ಎಂದು ಕೇಳಿದಳು. ಬಿಳೀ ಮಾರ್ಬಲ್ಲಿಗೆ, “ಆಸ್ಪತ್ರೆ ಹಾಸಿಗೆ” ಎಂದಳು. ಕಡಪ ಕಲ್ಲಿಗೆ ಹುಣಸೆಹುಳಿ ತಾಕಿದರೆ ತೊನ್ನು ಬಂದಂತೆ ಬೆಳ್ಳಗಾಗುತ್ತದೆ ಎಂದಳು, ಅದೇನೋ ನಿಜವೇ. ಟೈಲ್ಸಾದರೆ ಸಂದುಸಂದಿನಲ್ಲೂ ಜಿಡ್ಡು ಕೂತು ಜಿರಲೆಗೆ ಅನ್ನಛತ್ರವಾಗುತ್ತದೆ ಎಂದಳು, ಅದೂ ಸುಳ್ಳಲ್ಲ. ಕೆಂಪು ಗ್ರಾನೈಟನ್ನು ನೋಡಿ ಹೊರಗೆ ಹೋಗಿ ಎಲೆ ಅಡಿಕೆ ಉಗಿದು ಬಂದಳು. ಮುನೇಶ ಅಂಗಡಿಯವರ ಮುಖ ನೋಡಲಾರದೆ ಸ್ಕೂಟರಿನ ಕೀಲಿಯನ್ನೇ ನೋಡುತ್ತ ನಿಂತಿರುತ್ತಿದ್ದ.

ತನುಜ ಅಷ್ಟಕ್ಕೆಲ್ಲ ಸೋಲುವವಳಲ್ಲ. ಅಂಗಡಿಗಳಿಂದ ಅಂಗೈಯಗಲದ ಕಲ್ಲಿನ ತುಂಡುಗಳನ್ನು ತಂದು ಬಾಡಿಗೆ ಮನೆಯ ಕಿಟಕಿಯಲ್ಲಿ ಸಾಲಾಗಿಟ್ಟಳು. ಒಂದೊಂದರ ಮೇಲೂ ಹುಣಸೆಹುಳಿ, ನಿಂಬೆರಸ, ಅರಿಶಿನದ ನೀರು, ಕಡಲೆಕಾಯಿ ಎಣ್ಣೆ, ಹೀಗೆ ತೊಟ್ಟು ತೊಟ್ಟು ಬಿಟ್ಟು, ಡ್ಯೂಟಿ ಮುಗಿಸಿ ಬಂದು ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ಮಾರ್ಬಲ್ಲು ಅರಿಶಿನ ಕುಡಿದು ಮದುಮಗಳಾಗಿತ್ತು. ಕಡಪಕ್ಕೆ ಹುಳಿ ಬಿದ್ದಲ್ಲೆಲ್ಲ ಹೊಳಪು ಸತ್ತಿತ್ತು. ಅಕ್ಕಿ, ರಾಗಿ, ಎಳ್ಳು ಬೆರೆಸಿ ಚೆಲ್ಲಿದಂತಿದ್ದ ನಮ್ಮ ಕಡೆಯ ಬೂದು ಗ್ರಾನೈಟಿನ ಮೇಲೆ ಎಣ್ಣೆಯ ಒಂದು ಮಬ್ಬು ಚುಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ; ಸೋಪಿನ ನೀರಿಗೆ ಅದೂ ಹೋಯಿತು.

“ಇದು ಪಾಸು ಅತ್ತೆ. ಕಲೆ ಹಿಡಿಯಲ್ಲ, ಕೊಳೆ ಕಾಣಲ್ಲ, ಬಿಸಿ ಪಾತ್ರೆ ಇಟ್ರೂ ಏನೂ ಆಗಲ್ಲ” ಎಂದಳು.

ಪೆದ್ದಮ್ಮ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೆಸರಿಡಲು ಏನೂ ಸಿಗಲಿಲ್ಲ.

“ಹುಳಿ ಹಾಕಿ ನೋಡ್ದೆ, ಎಣ್ಣೆ ಹಾಕಿ ನೋಡ್ದೆ. ಮುದ್ದೆ ಕಟ್ಟಿ ನೋಡಿದ್ಯಾ?” ಎಂದಳು ಕೊನೆಗೆ. “ಬಿಸಿ ಹಿಟ್ಟು ಕಲ್ಲಿಗೆ ಅಂಟ್ಕಂಡ್ರೆ ಆ ಕಲ್ಲು ತಗಂಡು ಏನ್ ಮಾಡಾಣ? ದೊಡ್ಡ ಕಲ್ಲಿನ್ ಮ್ಯಾಲೆ, ಅಂಗಡೀಲೇ, ನಾನು ಮುದ್ದೆ ಕಟ್ಟಿ ನೋಡ್ಬೇಕು. ಆಮ್ಯಾಕೆ ಹೇಳ್ತೀನಿ.”

ಅಲ್ಲಿಂದಾಚೆ ಪೆದ್ದಮ್ಮ ಹೋದಲ್ಲೆಲ್ಲ ಅದನ್ನೇ ಕೇಳಿದಳು. ಗ್ರಾನೈಟ್ ಅಂಗಡಿಯಲ್ಲಿ ಒಲೆ ಹೂಡಿ ಮುದ್ದೆ ಮಾಡಲು ಯಾರು ಬಿಡುತ್ತಾರೆ? ಕೆಲವರು ನಕ್ಕರು, ಒಬ್ಬ ಬೈದೇಬಿಟ್ಟ. ಬಿಡುವುದಿಲ್ಲ ಎಂದು ಗೊತ್ತಿದ್ದೇ ಪೆದ್ದಮ್ಮ ಕೇಳುತ್ತಿದ್ದಳು.

ಆಕೆಗೆ ಯಾವ ಕಲ್ಲಿನ ಮೇಲೂ ಹಗೆ ಇರಲಿಲ್ಲ. ಹಗೆ ಇದ್ದದ್ದು ಕಟ್ಟೆಯ ಮೇಲೆ. ಜಂಗಮಕೋಟೆಯ ಹತ್ತಿರದ ಹಳ್ಳಿಯಲ್ಲಿದ್ದಾಗಲೂ, ಈಗಿನ ಬಾಡಿಗೆ ಮನೆಯಲ್ಲೂ ಆಕೆ ಅಡುಗೆ ಮಾಡಿದ್ದು ನೆಲದ ಮೇಲೆ ಕೂತು. ಹಿಟ್ಟು ಬೆಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕವೆಗೋಲನ್ನು ಅದರ ಕಂಠಕ್ಕೆ ಕೊಟ್ಟು, ಕೋಲಿನ ತುದಿಯನ್ನು ಪಾದದಡಿ ಅದುಮಿ, ಎರಡೂ ಕೈಯಲ್ಲಿ ದೊಣ್ಣೆ ಹಿಡಿದು, ಮೈಯ ಭಾರವನ್ನೆಲ್ಲ ಬಿಟ್ಟು ತಿರುವಿದರೆ ಪೆದ್ದಮ್ಮನ ಮುದ್ದೆಯಲ್ಲಿ ಸಾಸಿವೆಯಷ್ಟು ಗಂಟೂ ಹುಡುಕಿದರೆ ಸಿಗುತ್ತಿರಲಿಲ್ಲ. ನೆಂಟರಿಷ್ಟರಲ್ಲಿ ಆಕೆಗೆ ಇದ್ದ ಹೆಸರೆಲ್ಲ ಅದೊಂದರಿಂದ ಬಂದದ್ದು.

ಆ ಹೆಸರು ಗೌರಿಬಿದನೂರಿನಲ್ಲಿ ಮಣ್ಣುಪಾಲಾಗಿತ್ತು. ಅಲ್ಲಿ ತಂಗಿಯ ಮಗಳು ಕದಿರಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. “ಮುದ್ದೆ ನಮ್ ದೊಡ್ಡಮ್ಮನೇ ಮಾಡ್ಬೇಕು” ಎಂದು ಕದಿರಮ್ಮ ಹಟ ಹಿಡಿದಳು. ಅವಳದು ಹೊಸ ಮನೆ, ಎಲ್ಲರ ಮನೆಯಲ್ಲಿ ಇರುವ ಎತ್ತರದ ಕಟ್ಟೆ. ಪಾತ್ರೆಯನ್ನು ಕಟ್ಟೆಯ ಮೇಲೆ ಇಳಿಸಿಟ್ಟರೂ ಅದರ ಬಾಯಿ ಪೆದ್ದಮ್ಮನ ಎದೆಗೆ ಬಂತು. ಯಾರೋ ಟೊಮೆಟೊ ಕ್ರೇಟು ತಂದು ಮಗುಚಿ ಹಾಕಿದರು, ಅದರ ಮೇಲೆ ಹತ್ತಿ ನಿಂತಳು. ಕ್ರೇಟು ಕಿರ್ ಎನ್ನುತ್ತಿತ್ತು, ಕೈಗೆ ಭಾರ ಸಿಗಲಿಲ್ಲ, ದೊಣ್ಣೆ ತೇಲಿತು. ಅವತ್ತು ಮುದ್ದೆಯಲ್ಲಿ ಬರೀ ಗಂಟು. ನೆಂಟರು ಏನೂ ಅನ್ನದೆ ಕೋಳಿ ಸಾರನ್ನೇ ಹೊಗಳುತ್ತ ಊಟ ಮಾಡಿದರು. ಬೈದಿದ್ದರೆ ಪೆದ್ದಮ್ಮ ತಿರುಗಿ ಬೈಯುತ್ತಿದ್ದಳು. ಸುಮ್ಮನಿದ್ದದ್ದೇ ಆಕೆಯ ಹೊಟ್ಟೆ ಉರಿಸಿತು.

ಹೊಸ ಮನೆಯಲ್ಲೂ ಅದೇ ಕಟ್ಟೆ ಬಂದರೆ? “ನನಗಾಗಲ್ಲ” ಎಂದು ಬಾಯಿಬಿಟ್ಟರೆ ಮಗ, “ಸಾಕು ಬಿಡಮ್ಮ, ಇಷ್ಟು ವರ್ಷ ಮಾಡಿದ್ದೀಯ, ಟಿವಿ ನೋಡ್ಕಂಡು ಕೂತ್ಕೋ” ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಆಮೇಲೆ ಆ ಮನೆಯಲ್ಲಿ ತಾನು ಯಾರು? ನಡುಮನೆಯಲ್ಲಿ ಇಟ್ಟ ಸೋಫಾಕ್ಕೂ ತನಗೂ ಏನು ವ್ಯತ್ಯಾಸ? ಈ ಭಯವನ್ನು ಯಾರ ಹತ್ತಿರವೂ ಆಡಿಕೊಳ್ಳದೆ ಪೆದ್ದಮ್ಮ ಕಲ್ಲಿನ ಮೇಲೆ ಹಾಕಿ ದಿನ ದೂಡುತ್ತಿದ್ದಳು. ಕಲ್ಲು ಸಿಗದಿದ್ದರೆ ಕಟ್ಟೆ ಇಲ್ಲ, ಕಟ್ಟೆ ಇಲ್ಲದಿದ್ದರೆ ಹೊಸ ಮನೆ ಇಲ್ಲ, ಅಷ್ಟೇ ಆಕೆಯ ಲೆಕ್ಕಾಚಾರ.

ಆ ಲೆಕ್ಕಾಚಾರ ಕೆಟ್ಟದ್ದು ಚಿಂತಾಮಣಿಯಲ್ಲಿ. ಮುನೇಶನ ಆಫೀಸಿನವರು ಯಾರೋ ಹೇಳಿದರೆಂದು ಒಂದು ಭಾನುವಾರ ಮೂವರೂ ಬಸ್ಸು ಹತ್ತಿ ಪರ್ವೇಜ್ ಎಂಬಾತನ ಅಂಗಡಿಗೆ ಹೋದರು. ಪರ್ವೇಜ್ ಇನ್ನೂ ಸಣ್ಣ ವಯಸ್ಸಿನವನು, ನಗುಮುಖ, ಕನ್ನಡ ತೆಲುಗು ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು. ಬೂದು ಗ್ರಾನೈಟಿನ ಉದ್ದನೆಯ ಹಲಗೆಯೊಂದನ್ನು ಮರದ ಕಾಲುಗಳ ಮೇಲೆ ಮಲಗಿಸಿ ನೀರು ಹೊಯ್ದು ತೋರಿಸಿದ. ಪೆದ್ದಮ್ಮ ತನ್ನ ಎಂದಿನ ಮಾತು ಹೇಳಿದಳು, ಮುದ್ದೆ ಕಟ್ಟಿ ನೋಡಬೇಕು.

“ಅದಕ್ಕೇನು ಪೆದ್ದಮ್ಮ, ನೋಡಿ” ಎಂದ ಪರ್ವೇಜ್. “ನಮ್ಮನೆ ಹಿಂದ್ಗಡೇನೇ. ರಾಗಿ ಹಿಟ್ಟೂ ಐತೆ, ಗ್ಯಾಸೂ ಐತೆ. ಅಮ್ಮಿ ಒಳಗವ್ರೆ, ಬನ್ನಿ.”

ಪೆದ್ದಮ್ಮನ ದವಡೆ ಅಲ್ಲೇ ನಿಂತಿತು. ಇಷ್ಟು ದಿನ ಬಾಗಿಲು ಮುಚ್ಚಿರುತ್ತದೆ ಎಂಬ ಧೈರ್ಯದಲ್ಲಿ ಒದೆಯುತ್ತಿದ್ದಳು, ಇವನು ತೆರೆದೇಬಿಟ್ಟ. ಹಿಂದೆ ಸರಿಯುವ ಹಾಗಿಲ್ಲ.

ಪರ್ವೇಜನ ತಾಯಿ ಜಾನ್ ಬೀ ಬಾಯ್ತುಂಬ ಕರೆದಳು. ಕಲ್ಲು ಮಾರುವವರ ಮನೆಯಲ್ಲವೇ, ಅಡುಗೆಮನೆಯ ಮೂರು ಗೋಡೆಗೂ ಗ್ರಾನೈಟು. ಕಟ್ಟೆಯ ಎತ್ತರವೂ ಅದೇ ಹಾಳು ಎತ್ತರ. ಪೆದ್ದಮ್ಮ ಎಸರು ಕುದಿಸಿ ಹಿಟ್ಟು ಹಾಕಿದಳು, ಬೇಯಿಸಿದಳು, ಪಾತ್ರೆಯನ್ನು ಕಟ್ಟೆಗಿಳಿಸಿ ಅಂಗಾಲನ್ನು ಎತ್ತಿ ತುದಿಬೆರಳಲ್ಲಿ ನಿಂತು ದೊಣ್ಣೆ ಊರಿದಳು. ಪಾತ್ರೆ ಸುತ್ತಿಕೊಂಡು ಹೊರಟಿತು. ಇನ್ನೊಮ್ಮೆ ಊರಿದಳು, ಬಿಸಿ ಹಿಟ್ಟು ಮುಂಗೈಗೆ ಸಿಡಿಯಿತು. ಬೆನ್ನ ಹಿಂದೆ ಸೊಸೆ ನಿಂತಿದ್ದಾಳೆ ಎಂಬುದು ಆಕೆಗೆ ತಿರುಗದೆಯೂ ಕಾಣುತ್ತಿತ್ತು.

“ಹಿಟ್ಟು ಹಳೇದು. ತಿರುವೋಕೆ ಬರಲ್ಲ” ಎಂದಳು ಪೆದ್ದಮ್ಮ.

“ಮೊನ್ನೆ ತಾನೆ ಮಿಲ್ಲಿಗೆ…” ಎಂದು ಶುರುಮಾಡಿದ ಜಾನ್ ಬೀ ಆಕೆಯ ಕಾಲಿನ ಕಡೆ ನೋಡಿ ಮಾತು ನುಂಗಿಕೊಂಡಳು. ಏನೂ ಆಗದವಳಂತೆ ಒಂದು ಗೋಣಿತಾಟು ಹಾಸಿ ಪಾತ್ರೆಯನ್ನು ನೆಲಕ್ಕಿಳಿಸಿದಳು. “ಇಲ್ಲಿ ಗಾಳಿ ಐತೆ, ಇಲ್ ಕೂತ್ಕಂಡು ಮಾಡಿ” ಎಂದಳು.

ಕೂತ ಮೇಲೆ ಕೇಳಬೇಕೆ. ಪಾದಗಳ ನಡುವೆ ಬಟ್ಟೆ ಸುತ್ತಿ ಪಾತ್ರೆಯನ್ನು ಅದುಮಿಕೊಂಡು ಪೆದ್ದಮ್ಮ ನಾಲ್ಕು ಸುತ್ತು ತಿರುವುವಷ್ಟರಲ್ಲಿ ಹಿಟ್ಟು ಹೇಳಿದ ಮಾತು ಕೇಳಿತು. ಅಂಗಡಿಗೆ ಒಯ್ದು, ಒದ್ದೆ ಮಾಡಿದ ಕಲ್ಲಿನ ಮೇಲೆ ಹಾಕಿ ಮುದ್ದೆ ಕಟ್ಟಿದರೆ, ಕಲ್ಲು ಒಂದು ಕಣವನ್ನೂ ಹಿಡಿದಿಟ್ಟುಕೊಳ್ಳಲಿಲ್ಲ. ಕೆಲಸದವರೆಲ್ಲ ಯಂತ್ರ ನಿಲ್ಲಿಸಿ ನೋಡಿದರು. ಆಮೇಲೆ ಎಲ್ಲರೂ ಒಳಗೆ ನೆಲದ ಮೇಲೆ ಕೂತು ಜಾನ್ ಬೀಯ ಮಟನ್ ಸಾರಿನಲ್ಲಿ ಆ ಮುದ್ದೆಯನ್ನೇ ಉಂಡರು. ಕಲ್ಲನ್ನು ಹೇಗೆ ನೋಡಿಕೊಳ್ಳಬೇಕು ಎಂದು ಪರ್ವೇಜ್ ನುಂಗುತ್ತ ನುಂಗುತ್ತಲೇ ಹೇಳಿದ. ಆಸಿಡ್ಡು ಕೂಡದು, ಪುಡಿ ಹಾಕಿ ಗಸಗಸ ಉಜ್ಜುವುದೂ ಕೂಡದು, ಬರೀ ಸೋಪಿನ ನೀರು. ನಿಂಬೆಹಣ್ಣು ಹಿಂಡಿದರೆ ಆಗಿಂದಾಗಲೇ ಒರೆಸಬೇಕು. ಅಂಚಿನ ಮೇಲೆ ತೆಂಗಿನಕಾಯಿ ಒಡೆಯಬಾರದು.

ಊಟ ಮುಗಿದು ಏಳುವಾಗ ತನುಜ ಗೋಡೆ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಎರಡು ಸಲ ನಿಂತು ನಿಂತು ಎದ್ದಳು.

“ಏನಮ್ಮ ಇದು, ಈ ವಯಸ್ಸಿಗೆ?” ಎಂದಳು ಜಾನ್ ಬೀ.

“ಡಿಸ್ಕ್ ಸ್ವಲ್ಪ ಜರುಗಿದೆಯಂತೆ. ಬೆಲ್ಟ್ ಹಾಕ್ತೀನಿ. ಡಾಕ್ಟ್ರು ಬಗ್ಗಬೇಡಿ, ನೆಲದ ಮೇಲೆ ಕೂತು ಕೆಲಸ ಮಾಡಬೇಡಿ ಅಂದಿದ್ದಾರೆ. ಮಾಡದೆ ಆಗತ್ತಾ” ಎಂದು ತನುಜ ನಕ್ಕಳು. “ಹೊಸ ಮನೆಗೆ ಹೋದ್ಮೇಲೆ ನಿಂತು ಮಾಡಬಹುದಲ್ಲ, ಸರಿ ಹೋಗತ್ತೆ.”

ಸೊಸೆಗೆ ಸೊಂಟ ನೋವಿದೆ ಎಂಬುದು ಪೆದ್ದಮ್ಮನಿಗೆ ಗೊತ್ತಿತ್ತು. ಸೊಂಟ ನೋವು ಯಾರಿಗಿಲ್ಲ? ಆದರೆ ಬೆಲ್ಟಿನ ಸುದ್ದಿ ಗೊತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆಕೆ ಲೆಕ್ಕ ಹಾಕಿದಳು. ಉದ್ದನೆಯ ಹುಡುಗಿ, ದಿನವೆಲ್ಲ ವಾರ್ಡಿನಲ್ಲಿ ನಿಂತು, ಬಂದು ಮತ್ತೆ ನೆಲದ ಒಲೆಯ ಮುಂದೆ ಮೂರು ಮಡಿಕೆಯಾಗಿ ಕೂತು ಸೊಪ್ಪು ಸೋಸುತ್ತಾಳೆ, ಹುರಿಯುತ್ತಾಳೆ, ಪಾತ್ರೆ ಎತ್ತುತ್ತಾಳೆ. ಇವಳು ನಿಂತು ಅಡುಗೆ ಮಾಡುವ ದಿನವನ್ನು ತಾನು ಕಲ್ಲಿಗೆ ಹೆಸರಿಟ್ಟು ಹೆಸರಿಟ್ಟು ಮುಂದೂಡಿದ್ದೇನೆ. ಪೆದ್ದಮ್ಮನಿಗೆ ನಾಚಿಕೆಯಾಯಿತು. ಗೌರಿಬಿದನೂರಿನಲ್ಲಿ ಆದದ್ದಕ್ಕಿಂತ ದೊಡ್ಡ ನಾಚಿಕೆ. ತನುಜ ದಾರಿಯುದ್ದಕ್ಕೂ ಏನೋ ಯೋಚಿಸುತ್ತ ಅತ್ತೆಯ ಪಾದಗಳನ್ನೇ ನೋಡುತ್ತಿದ್ದಳು.

“ಕಲ್ಲು ಚೆನ್ನಾಗೈತೆ. ಅದನ್ನೇ ಹಾಕ್ಸಪ್ಪ” ಎಂದಳು ಪೆದ್ದಮ್ಮ ಮಗನಿಗೆ. ಮುನೇಶ ಕಣ್ಣುಮುಚ್ಚಿ ಉಸಿರುಬಿಟ್ಟ.

ಎರಡು ದಿನದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಆಕೆ ಒಂದು ಚೊಂಬು ಮಜ್ಜಿಗೆ ಹಿಡಿದುಕೊಂಡು ಒಬ್ಬಳೇ ಹೊಸ ಮನೆಗೆ ಹೋದಳು. ಮೇಸ್ತ್ರಿ ರಾಮಾಂಜಿನಪ್ಪ ಕಟ್ಟೆಯ ಕಾಲುಗಳಿಗೆ ಇಟ್ಟಿಗೆ ಜೋಡಿಸಲು ದಾರ ಕಟ್ಟುತ್ತಿದ್ದ. ರಾಮಾಂಜಿನಪ್ಪ ಬಾಗೇಪಲ್ಲಿ ಕಡೆಯವನು, ಕೆಲಸದಲ್ಲಿ ನಿಧಾನ, ಮಾತಿನಲ್ಲಿ ಇನ್ನೂ ನಿಧಾನ, ಜಗಳವೆಂದರೆ ಊರು ಬಿಟ್ಟು ಓಡುವ ಆಸಾಮಿ.

“ಕಟ್ಟೆ ಎತ್ತರವಾಗೇ ಇರ್ಲಪ್ಪ” ಎಂದಳು ಪೆದ್ದಮ್ಮ. “ನನ್ ಸೊಸೆ ಸೊಂಟಕ್ಕೆ ಸರಿಯಾಗಿ. ಅವ್ಳು ಬಗ್ಗಬಾರ್ದು. ನಮ್ ಮುನೇಶ ಬಂದು ಅಮ್ಮಂಗೆ ಎಟುಕಲ್ಲ, ತಗ್ಗಿಸು ಅಂತ ಏನಾರ ಅಂದ್ರೆ ಕೇಳ್ಬ್ಯಾಡ. ನಾನು ಹೇಳ್ದೆ ಅಂತ್ಲೂ ಹೇಳ್ಬ್ಯಾಡ.”

“ಮರಿ ಮೀಕು?” ಎಂದ ರಾಮಾಂಜಿನಪ್ಪ ತೆಲುಗಿನಲ್ಲಿ, ನಿಮಗೆ ಹೇಗಮ್ಮ ಎಂಬ ಅರ್ಥದಲ್ಲಿ ಆಕೆಯ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತ.

“ನಂದೇನೈತೆ. ನಾನು ಟಿವಿ ನೋಡ್ತೀನಿ.”

ಮಜ್ಜಿಗೆ ಕುಡಿದು ಆತ ಆಣೆ ಇಟ್ಟ. ಪೆದ್ದಮ್ಮ ಮನೆಗೆ ಬಂದು ಯಾರೂ ಇಲ್ಲದ ಅಡುಗೆಮನೆಯಲ್ಲಿ ತನ್ನ ದೊಣ್ಣೆಯನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಸಾರಿಗೆ ಬೇಳೆ ಇಟ್ಟಳು.

ಕಲ್ಲು ಕೂರಿಸಿದ್ದಾಯಿತು ಎಂದು ಸುದ್ದಿ ಬಂದಾಗ ಗೃಹಪ್ರವೇಶಕ್ಕೆ ವಾರವೂ ಇರಲಿಲ್ಲ. ಕರೆಯೋಲೆ ಹಂಚಿಯಾಗಿತ್ತು. ಪುರೋಹಿತರು ಬೇಡ, ಬುದ್ಧವಂದನೆ ಮಾಡಿಸಿ ಎಲ್ಲರಿಗೂ ಊಟ ಹಾಕಿಸೋಣ ಎಂದು ಮುನೇಶ ಹೇಳಿದ್ದ. ಏನಾದರೂ ಮಾಡ್ಕೋ, ಹಾಲು ಉಕ್ಕಿಸಲೇಬೇಕು ಎಂದು ಪೆದ್ದಮ್ಮ ಹೇಳಿದ್ದಳು. ಎರಡೂ ನಡೆಯಲಿ ಎಂದು ತನುಜ ತೀರ್ಪು ಕೊಟ್ಟಿದ್ದಳು. ಮೂವರೂ ಕಟ್ಟೆ ನೋಡಲು ಹೋದರು.

ಅಡುಗೆಮನೆಯ ಬಾಗಿಲಲ್ಲಿ ಮೂವರೂ ನಿಂತುಬಿಟ್ಟರು. ಕಲ್ಲು ಚೆನ್ನಾಗಿತ್ತು. ಅಂಚು ದುಂಡಗೆ, ಕೂರಿಸಿದ್ದು ಮಟ್ಟಸ. ಆದರೆ ಅದು ಎತ್ತರವೂ ಅಲ್ಲ, ತಗ್ಗೂ ಅಲ್ಲ, ನಡುವೆ ಎಲ್ಲೋ ತ್ರಿಶಂಕುವಿನ ಹಾಗೆ ನಿಂತಿತ್ತು. ಮುನೇಶ ಹತ್ತಿರ ಹೋದರೆ ಅವನ ತೊಡೆಗೆ ತಾಕಿತು.

“ಇದೇನು ಮೇಸ್ತ್ರಿ, ಕಟ್ಟೆ ಕಟ್ಟಿದ್ದೀರೋ ಮಂಚ ಹಾಕಿದ್ದೀರೋ?” ಎಂದ.

ರಾಮಾಂಜಿನಪ್ಪ ಕರಣೆಯ ಮೇಲಿನ ಒಣಗಿದ ಸಿಮೆಂಟನ್ನು ಉಗುರಲ್ಲಿ ಕೆರೆಯುತ್ತ ನಿಂತ. ಒಬ್ಬರ ಮುಖವನ್ನೂ ನೋಡಲಿಲ್ಲ.

“ಹೇಳಿ, ಯಾರು ಹೇಳಿದ್ರು ಈ ಅಳತೆ?”

“ಈ ಅಳತೆ ಯಾರೂ ಹೇಳ್ಲಿಲ್ಲ ಸಾ. ಅದೇ ಬಂದಿದ್ದು ಕಷ್ಟ.” ಆತ ನಿಟ್ಟುಸಿರುಬಿಟ್ಟ. “ದೊಡ್ಡಮ್ಮೋರು ಬಂದು ಎತ್ತರ ಮಾಡು ಅಂದ್ರು, ಸೊಸೆಗೆ ಬಗ್ಗೋಕಾಗಲ್ಲ ಅಂತ. ಆಣೆ ಹಾಕಿಸ್ಕಂಡ್ರು. ಅದಕ್ಕೆ ಮುಂಚೆ ದಿನ ಬೆಳಿಗ್ಗೆ ಈ ಮೇಡಮ್ಮೋರು ಡ್ಯೂಟಿಗೆ ಹೋಗ್ತಾ ಬಂದು ನೆಲದಿಂದ ಒಂದೇ ಮೊಳ ಇರ್ಲಿ ಅಂದ್ರು, ಅತ್ತೆ ಕೂತ್ಕಂಡು ಮುದ್ದೆ ಮಾಡ್ಬೇಕು ಅಂತ. ಇವ್ರೂ ಆಣೆ ಹಾಕಿಸ್ಕಂಡ್ರು. ಒಬ್ರ ಮಾತು ಇನ್ನೊಬ್ರಿಗೆ ಹೇಳಂಗಿಲ್ಲ. ಯಾರ್ ಮಾತು ಮುರೀಲಿ? ಅರ್ಧ ಇವ್ರದು, ಅರ್ಧ ಅವ್ರದು ಉಳಿಸ್ದೆ.”

ಮುನೇಶ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರೂ ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನೋ ನಡೆಯುತ್ತಿರುವಂತೆ ನೋಡುತ್ತಿದ್ದರು.

“ನಿನಗೆ ಬುದ್ಧಿ ಇದ್ಯಾ?” ಎಂದಳು ಪೆದ್ದಮ್ಮ ಕೊನೆಗೆ, ಸೊಸೆಗೆ. “ಬೆಲ್ಟು ಕಟ್ಕಂಡು ಮೊಳದೆತ್ತರದ ಕಟ್ಟೆ ಕೇಳ್ತೀಯಲ್ಲ. ಸೊಂಟ ಮುರ್ಕಂಡು ಮಲಿಕ್ಕಂಡ್ರೆ ಯಾರು ಎತ್ತೋರು?”

“ನಿಮಗಿದ್ಯಾ ಅತ್ತೆ? ಚಿಂತಾಮಣೀಲಿ ನೋಡಲಿಲ್ವಾ ನಾನು, ನೀವು ತುದಿಗಾಲಲ್ಲಿ ನಿಂತಿದ್ದು? ಅಷ್ಟು ಕಲ್ಲಿಗೆ ಹೆಸರಿಡೋ ಬದಲು ಎಟುಕಲ್ಲ ಕಣೇ ಅಂತ ಒಂದು ಮಾತು ಹೇಳಬಾರದಿತ್ತಾ? ನಮ್ಮ ಜೊತೆ ಇರೋಕೆ ನಿಮಗೆ ಇಷ್ಟ ಇಲ್ಲವೇನೋ ಅಂದ್ಕೊಂಡು ನಾನು ಎಷ್ಟು ದಿನ ನಿದ್ದೆಗೆಟ್ಟೆ ಗೊತ್ತಾ?”

ಪೆದ್ದಮ್ಮ ಎಲೆ ಅಡಿಕೆಯ ಚೀಲ ತೆಗೆದು ಅದರೊಳಗೆ ಸುಣ್ಣದ ಡಬ್ಬಿ ಹುಡುಕಿದಳು. ಅದು ಕೈಯಲ್ಲೇ ಇತ್ತು.

“ಒಡೆದು ಮತ್ತೆ ಕಟ್ಟಿ ಮೇಸ್ತ್ರಿ” ಎಂದ ಮುನೇಶ.

“ಎಷ್ಟೆತ್ತರ ಸಾ?” ಎಂದ ರಾಮಾಂಜಿನಪ್ಪ. ಫಂಕ್ಷನ್ ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತು ಮುಗಿಸಿದರು.

ಫಂಕ್ಷನ್ನು ಜೋರಾಗಿಯೇ ಮುಗಿಯಿತು. ಬುದ್ಧವಂದನೆಯಾಯಿತು, ಹಾಲು ಉಕ್ಕಿತು, ಶಾಮಿಯಾನದಡಿ ಬಾಡೂಟ ಬಡಿಸಿದರು. ಚಿಂತಾಮಣಿಯಿಂದ ಜಾನ್ ಬೀ, ಪರ್ವೇಜ್ ಬಂದು ತಮ್ಮ ಕಲ್ಲನ್ನು ಸವರಿ ನೋಡಿದರು, ಕಟ್ಟೆಯ ಎತ್ತರ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಳ್ಳೆಯವರಾದ್ದರಿಂದ ಏನೂ ಕೇಳಲಿಲ್ಲ. ಮಾರನೆಯ ದಿನ ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಸಂಜೆಗೆ ಮನೆಯವರಷ್ಟೇ ಉಳಿದರು. ಮೊದಲ ಸಲ ಆ ಕಟ್ಟೆಯ ಮೇಲೆ ಮುದ್ದೆ ಆಗಬೇಕಿತ್ತು.

ಪೆದ್ದಮ್ಮ ರೂಢಿಯಂತೆ ನೆಲದ ಮೇಲೆ ಕೂತಳು. ಕಲ್ಲಿನ ಅಂಚು ಸರಿಯಾಗಿ ಮೂಗಿನ ಮುಂದೆ ಬಂತು. ಗೊಣಗುತ್ತ ಎದ್ದು ನಿಂತಳು. ತನುಜ ನಿಂತು ಈರುಳ್ಳಿ ಹೆಚ್ಚಲು ಬಗ್ಗಿದಳು. ಬಗ್ಗಿದ್ದು ಹೆಚ್ಚಾಗಿ, ಹಲ್ಲು ಕಚ್ಚಿಕೊಂಡು ನೆಟ್ಟಗಾದಳು. ಶಾಮಿಯಾನದವರು ವಾಪಸು ಒಯ್ಯಲು ಮರೆತಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ ನಡುಮನೆಯಲ್ಲಿತ್ತು. ಅದನ್ನು ಎಳೆದು ತಂದು ಕಟ್ಟೆಯ ಮುಂದೆ ಹಾಕಿ ಕೂತಳು. ಬೆನ್ನು ಕುರ್ಚಿಗೆ ಒರಗಿತು, ಕೈ ಕಲ್ಲಿನ ಮೇಲೆ ಸಲೀಸಾಗಿ ಕೂತಿತು. ಒಂದು ಈರುಳ್ಳಿ ಹೆಚ್ಚಿದಳು, ಇನ್ನೊಂದು ಹೆಚ್ಚಿದಳು. ಆಮೇಲೆ ಕತ್ತೆತ್ತಿ ಅತ್ತೆಯನ್ನು ನೋಡ ಹೊರಟವಳು ನಕ್ಕಳು.

“ನೀವು ನಿಂತಿದ್ದೀರ ಅತ್ತೆ.”

“ಹೂಂ ಕಣೆ. ನೀನು ಕೂತಿದ್ದೀಯ” ಎಂದಳು ಪೆದ್ದಮ್ಮ.

ಹಿಟ್ಟು ಬೆಂದಿತು. ಪೆದ್ದಮ್ಮ ಒಲೆಯಿಂದ ಪಾತ್ರೆಯನ್ನು ಕಲ್ಲಿಗೆ ಇಳಿಸಿ ನೋಡಿದಳು. ಪಾತ್ರೆಯ ಬಾಯಿ ಈಗ ಹೊಕ್ಕುಳ ಮಟ್ಟಕ್ಕಿತ್ತು. ದೊಣ್ಣೆ ಊರಿ ಮೈ ಭಾರ ಬಿಟ್ಟಳು. ಭಾರ ಇಳಿಯಿತು, ಹೆಗಲಿಂದ ದೊಣ್ಣೆಯ ತುದಿವರೆಗೆ, ಕೂತು ಮಾಡುವಾಗ ಇಳಿಯುತ್ತಿದ್ದದ್ದಕ್ಕಿಂತ ಚೆನ್ನಾಗಿಯೇ ಇಳಿಯಿತು. ಆದರೆ ಪಾತ್ರೆ ನಿಲ್ಲಬೇಕಲ್ಲ, ಕವೆಗೋಲು ಅದುಮುವುದಕ್ಕೆ ಇಲ್ಲಿ ಕಾಲೆಲ್ಲಿದೆ?

ತನುಜ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಒದ್ದೆ ಬಟ್ಟೆಯಲ್ಲಿ ಪಾತ್ರೆಯ ಎರಡು ಕಡೆಯೂ ಗಟ್ಟಿಯಾಗಿ ಹಿಡಿದು, ಹಬೆ ಮುಖಕ್ಕೆ ಹೊಡೆಯದಂತೆ ತಲೆ ತಗ್ಗಿಸಿದಳು. “ತಿರುವಿ ಅತ್ತೆ, ನಾನು ಹಿಡ್ಕೊಂಡಿದ್ದೀನಿ” ಎಂದಳು.

ಪೆದ್ದಮ್ಮ ತಿರುವಿದಳು. ನಡುಮನೆಯಲ್ಲಿ ಮುನೇಶ ಫೋನಿನಲ್ಲಿ ರಾಮಾಂಜಿನಪ್ಪನಿಗೆ ಒಡೆಯಲು ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದದ್ದು ಕೇಳಿಸಿತು. “ಬರೋದು ಬ್ಯಾಡ ಅನ್ನಪ್ಪ” ಎಂದು ನಿಂತಲ್ಲಿಂದಲೇ ಕೂಗಿ ಹೇಳಿ, ಮತ್ತೆ ಪಾತ್ರೆಯ ಕಡೆ ನೋಡಿದಾಗ ಆಕೆಯ ಕಣ್ಣು ಸೊಸೆಯ ನೆತ್ತಿಯ ಮೇಲೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಈ ಹುಡುಗಿಯನ್ನು ಕತ್ತೆತ್ತಿಯೇ ನೋಡಿದ್ದಳು. ಮೇಲಿನಿಂದ ನೋಡಿದ್ದು ಇವತ್ತೇ. ಬೈತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿತ್ತು. ಒಂದೆರಡಲ್ಲ, ಹಿಡಿ ಹಿಡಿಯಾಗಿ. ಪೆದ್ದಮ್ಮನ ಕೈ ನಿಂತಿತು.

“ಯಾಕತ್ತೆ, ಗಂಟಾಯ್ತಾ?”

“ಇಲ್ಲ ಕಣಮ್ಮ. ನೆತ್ತಿಯೆಲ್ಲ ನರೆತೈತಲ್ಲೇ. ಯಾವಾಗಾಯ್ತು ಇದು?”

“ಆಗಿ ಬಹಳ ದಿನ ಆಯ್ತು ಅತ್ತೆ” ಎಂದಳು ತನುಜ ತಲೆಯೆತ್ತದೆ. “ನಿಮಗೆ ಎಟುಕ್ತಿರ್ಲಿಲ್ಲ ಅಷ್ಟೆ.”

ಪೆದ್ದಮ್ಮ ಹಿಟ್ಟು ಆರುವ ಮೊದಲು ಮತ್ತೆ ದೊಣ್ಣೆ ಊರಿದಳು. ಕಲ್ಲಿಗೆ ನೀರು ಸವರಿ ಮೊದಲ ಮುದ್ದೆ ಕಟ್ಟಿದಳು. ಯಾವತ್ತೂ ಮಗನ ತಟ್ಟೆಗೆ ಹೋಗುತ್ತಿದ್ದ ಆ ಮುದ್ದೆಯನ್ನು ಅವತ್ತು ಬೇರೆ ತಟ್ಟೆಗೆ ಹಾಕಿ, ಗುಳಿ ಮಾಡಿ ತುಪ್ಪ ಬಿಟ್ಟು, ಕುರ್ಚಿಯಲ್ಲಿ ಕೂತಿದ್ದವಳ ಮುಂದೆ ಇಟ್ಟಳು.